ಸರ್ವರ್ ಮೇಲಿನ ಟವೆಲು

ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ಬೆಸಗರಹಳ್ಳಿಯ ನಮ್ಮ ಮನೆಯಲ್ಲಿ ನಾನೇ ಜೋಡಿಸಿದ ಸರ್ವರ್ ಕಂಪ್ಯೂಟರಿನ ಮೇಲೆ ನನ್ನ ತಾಯಿಯವರು ದಪ್ಪನೆಯ ಟವೆಲು ಹೊದಿಸುತ್ತಿದ್ದುದನ್ನು ಕಳೆದ ವಾರ ಕಣ್ಣಾರೆ ಕಂಡೆನು. ಮನೆಯವರೆಲ್ಲರ ಕಡತಗಳನ್ನು ಕಾಯ್ದಿಡುವ ಸದರಿ ಯಂತ್ರವು ಎರಡು ತಿಂಗಳಿಂದ ಆಗಾಗ್ಗೆ ತಾನಾಗಿಯೇ ನಿಂತುಹೋಗುತ್ತಿತ್ತು. ದಿವಂಗತ ತಂದೆಯವರು ಊರ ನಾಟಕಗಳಲ್ಲಿ ಹಾಡಿದ್ದ ಹಾಡುಗಳ ಧ್ವನಿಮುದ್ರಣದ ಏಕೈಕ ಪ್ರತಿಯು ಅದರಲ್ಲಿದ್ದುದರಿಂದ ಆತಂಕಗೊಂಡು, ಮೆಮೊರಿಯನ್ನೂ ಪವರ್ ಸಪ್ಲೈಯನ್ನೂ ಬದಲಾಯಿಸಿದ್ದೆನು. ಪ್ರಯೋಜನವಾಗಿರಲಿಲ್ಲ.

“ಯಾಕವ್ವಾ ಮುಚ್ತೀಯ? ಕಾವು ಏರಿ ನಿಂತೋಯ್ತದೆ,” ಎಂದೆನು.

“ಎದುರ್ಗಡೆ ಆಲೆಮನೆ ಒಲೆ ಉರ್ದಾಗೆಲ್ಲ ಬೂದಿ ಆರ್ಕಂಡು ಬತ್ತದೆ ಕಣ್ಲಾ. ನಿಮ್ಮಪ್ಪನ ದನಿ ಇದ್ರೊಳ್ಗದೆ ಅಂತ ನೀನೇ ಯೋಳಿದ್ದೆ. ಬೂದಿ ಬೀಳ್ಲಿ ಅಂತ ಬುಟ್ಬುಡ್ಲಾ?” ಎಂದರು.

ಆಲೆಮನೆ ನಡೆದ ದಿನಗಳಲ್ಲಿ ಮಾತ್ರ ಯಂತ್ರವು ನಿಲ್ಲುತ್ತಿದ್ದುದರ ಕಾರಣ ಆಗ ತಿಳಿಯಿತು. ಟವೆಲು ತೆಗೆದು, ಯಂತ್ರವನ್ನು ಒಳಕೋಣೆಗೆ ಸ್ಥಳಾಂತರಿಸಿದೆನು. ತದನಂತರ ಅದು ನಿಂತಿರುವುದಿಲ್ಲ.

ಆ ಧ್ವನಿಯನ್ನು ಕಾಪಾಡುವುದರಲ್ಲೇ ಮಗ್ನನಾಗಿದ್ದ ನಾನು, ಅದನ್ನು ತಾಯಿಯವರಿಗೆ ಒಮ್ಮೆಯೂ ಕೇಳಿಸಿರಲಿಲ್ಲವೆಂಬುದನ್ನು ವಿಷಾದಪೂರ್ವಕವಾಗಿ ನಿವೇದಿಸುತ್ತೇನೆ. ಅಂದು ಸಂಜೆ ಕೇಳಿಸಿದೆನು. ಹಾಡು ಮುಗಿದ ಬಳಿಕ ಅವರು, “ಇನ್ನೊಂದ್ಸಲ ಆಕ್ಲಾ,” ಎಂದಷ್ಟೇ ಹೇಳಿದರು.