ಅಡಿಕೋಲಿನಿಂದ ಅಳೆದ ಬಿಸಲೆ

ಪುಂಜಾಲಕಟ್ಟೆಯಿಂದ ಒಂದು ಮೈಲಿ ಒಳಗೆ ಕುಂಬಾರರ ಪೂವಮ್ಮನ ಮನೆ. ಗಂಡ ತೀರಿಹೋದ ಮೇಲೆ ಅವಳ ಪಾಲಿಗೆ ಉಳಿದದ್ದು ಒಂದು ಉರುಟು ಕಲ್ಲು, ಒಂದು ಮರದ ಹಲಗೆ. ಮೈದುನ ಮುಂಡಪ್ಪ ತಿಗರಿಯ ಮೇಲೆ ಪಾತ್ರೆಯ ಬಾಯಿ, ಕುತ್ತಿಗೆ ಎಬ್ಬಿಸಿ ಕೊಡುತ್ತಿದ್ದ. ತಳದ ಕೆಲಸ ಇವಳದು. ಒಳಗೆ ಕಲ್ಲು ಒತ್ತಿ ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಬಿಸಲೆಗಳಿಗೆ, ಎಂದರೆ ಮೀನುಸಾರಿನ ಮಣ್ಣಿನ ಪಾತ್ರೆಗಳಿಗೆ, ಹೊಟ್ಟೆ ಬರಿಸುವಳು. ಆ ಸದ್ದು ನಿಂತರೆ ಅವಳ ಗಂಜಿಯೂ ನಿಂತಂತೆ.

ಎಪ್ಪತ್ತೊಂಬತ್ತರಲ್ಲಿ ಕುಂಬಾರರಿಗೊಂದು ಸಂಘ ಆಯಿತು. ಅಧ್ಯಕ್ಷರು ಗಜಾನನ ರಾಯರು. ಒಂದು ದಿನವೂ ಮಣ್ಣು ತುಳಿಯದವರನ್ನು ಕುಂಬಾರರ ತಲೆಯ ಮೇಲೆ ಕೂರಿಸುವುದರಲ್ಲಿ ನಮ್ಮವರು ನಿಪುಣರು. ರಾಯರು ಮೂರು ದಿನದ ತರಬೇತಿಗೆ ಹೋಗಿ, ಬಿಳಿ ಅಚ್ಚುಗಳ ಪೆಟ್ಟಿಗೆ ಹೊರಿಸಿಕೊಂಡು ಮರಳಿದರು. ಮಣ್ಣನ್ನು ಗಾಳಿಸಿ, ತೆಳ್ಳಗೆ ಕಲಸಿ, ಅಚ್ಚಿಗೆ ಎರೆದರೆ ಮುಗಿಯಿತು. ತಟ್ಟುವ ಕೆಲಸವೇ ಇಲ್ಲ.

ಎರಡರಲ್ಲಿ ಯಾವ ಕ್ರಮ ಮೇಲೆಂದು ಆರಿಸಲು ಪರೀಕ್ಷೆಯೂ ನಡೆಯಿತು. ಪೂವಮ್ಮನ ಹತ್ತು ಬಿಸಲೆ, ಅಚ್ಚಿನ ಹತ್ತು. ರಾಯರು ಅಡಿಕೋಲು ತೆಗೆದರು.

“ನೋಡು ಪೂವಮ್ಮ, ನಿನ್ನದು ಒಂದು ಒಂಬತ್ತು ಇಂಚು, ಮತ್ತೊಂದು ಒಂಬತ್ತೂವರೆ. ಅಚ್ಚಿನದ್ದು ಹತ್ತೂ ಒಂದೇ.”

“ಅದರಲ್ಲಿ ಮರಳು ಉಂಟಾ ರಾಯರೇ?”

“ಮರಳು ಕಸ. ಗಾಳಿಸಿ ತೆಗೆದಾಯಿತು.”

“ಮರಳಿಲ್ಲದ್ದು ಒಲೆಯಲ್ಲಿ ನಿಲ್ಲುವುದಿಲ್ಲ. ಒಂದು ಸಲ ಇಟ್ಟು ನೋಡುವ.”

“ಆವೆಯ ಬೆಂಕಿಯಲ್ಲಿ ಬೆಂದೇ ಬಂದದ್ದಲ್ವಾ ಮಾರಾಯ್ತಿ? ಇನ್ನೆಂಥ ಒಲೆ?”

ರಾಯರ ಮನೆಯಲ್ಲಿ ಅನ್ನ ಕಂಚಿನಲ್ಲಿ, ಸಾರು ಹಿತ್ತಾಳೆಯಲ್ಲಿ. ಮಣ್ಣಿನ ಪಾತ್ರೆಯಾಗಲಿ ಮೀನಾಗಲಿ ಅವರ ಅಡುಗೆಕೋಣೆಯ ಹೊಸ್ತಿಲು ದಾಟಿದ್ದಿಲ್ಲ. ಬೆಂಕಿಗೆ ಇಡುವ ವಸ್ತುವನ್ನು ದರ್ಜಿಯ ಹಾಗೆ ಅಳತೆ ತೆಗೆದು ಪಾಸು ಮಾಡಿದ ಮಹಾನುಭಾವರು! ಸಂಘದ ಆವೆಗೆ ಇನ್ನು ಅಚ್ಚಿನ ಪಾತ್ರೆ ಮಾತ್ರ ಎಂದು ಠರಾವಾಯಿತು. ಪೂವಮ್ಮನಿಗೆ ಸಿಕ್ಕಿದ್ದು ಪಾತ್ರೆಯ ಮೇಲೆ ಉಳಿದ ಅಚ್ಚಿನ ಗೆರೆಯನ್ನು ಬ್ಲೇಡಿನಲ್ಲಿ ಕೆರೆಯುವ ಕೆಲಸ, ಅದೂ ವಾರಕ್ಕೆ ಎರಡು ದಿನ.

“ಬೆನ್ನುನೋವು ತಪ್ಪಿತಲ್ಲ ಅತ್ತಿಗೆ,” ಎಂದ ಮುಂಡಪ್ಪ.

“ಬೆನ್ನು ಉಳಿಯಿತು. ಹೊಟ್ಟೆಗೆ ಏನು ಮಾಡ್ತಿ?”

ಪೇಟೆಯ ಹೋಟೆಲಿನ ಬಾವಾ ಮೊದಲು ಆರು ಬಿಸಲೆ ಕೊಂಡ. ಮರುದಿನ ಮಧ್ಯಾಹ್ನ ಮೈಯೆಲ್ಲ ಬೂದಿ ಮಾಡಿಕೊಂಡು, ಎರಡು ಹೋಳು ಹಿಡಿದು ಸಂಘದ ಜಗಲಿ ಹತ್ತಿದ.

“ರಾಯರೇ, ಸತ್ತ ಬಂಗುಡೆಯನ್ನು ಎರಡನೇ ಸಲ ಕೊಂದಿರಲ್ಲ! ಸಾರು ಪೂರ ಒಲೆಗೆ. ಬೆಂಕಿಯೂ ಆರಿತು.”

“ಉರಿ ಜಾಸ್ತಿ ಮಾಡಿದ್ದೀ ನೀನು.”

“ಮತ್ತೆ? ನಿಮ್ಮ ಅಡಿಕೋಲು ತೋರಿಸಿದರೆ ಮೀನು ಬೇಯ್ತದಾ?”

ಆ ವಾರದಲ್ಲೇ ಇನ್ನೂ ಹನ್ನೊಂದು ಮನೆಗಳಿಂದ ಹೋಳುಗಳು ಬಂದವು. ರಾಯರು ಪೂವಮ್ಮನ ಅಂಗಳಕ್ಕೆ ಇಳಿದರು.

“ತಿಂಗಳ ಕೊನೆಗೆ ಸಂಘ ನೋಡಲಿಕ್ಕೆ ಆಫೀಸರರು ಬರ್ತಾರೆ. ನಲವತ್ತು ಬಿಸಲೆ ತಟ್ಟಿ ಕೊಡು.”

ಅವಳು ಬ್ಲೇಡು ಕೆಳಗಿಡಲಿಲ್ಲ. “ಕೊಡ್ತೇನೆ. ಆದರೆ ಪ್ರತಿ ಆವೆಯ ಒಂದು ಬಿಸಲೆ ಮೊದಲು ನನ್ನ ಒಲೆಗೆ. ಸಾರು ಕೊತಕೊತ ಕುದಿಯುವವರೆಗೆ ನೀವು ಇಲ್ಲಿ ಕೂತು ನೋಡಬೇಕು. ಉಳಿದದ್ದು ಆಮೇಲೆ ಪೇಟೆಗೆ.”

“ಮೀನಿನ ಸಾರಾ?”

“ಮತ್ತೆಂಥ, ಬಿಸಲೆಯಲ್ಲಿ ಪಾಯಸ ಮಾಡುವುದಾ?”

ರಾಯರು ಒಪ್ಪಿದ ಮೇಲೆಯೇ ಅವಳು ಬ್ಲೇಡು ಎಸೆದು ಕಲ್ಲು ಎತ್ತಿಕೊಂಡದ್ದು. ಸಂಘದ ಪುಸ್ತಕದಲ್ಲಿ ಮಾತ್ರ “ಅಧ್ಯಕ್ಷರ ದೀರ್ಘ ಸಂಶೋಧನೆಯ ಫಲವಾಗಿ ತಟ್ಟುವ ಕ್ರಮವನ್ನು ಆರಿಸಲಾಯಿತು” ಎಂದು ಬರೆಯಲಾಗಿದೆ. ನಾನೇ ಓದಿದ್ದೇನೆ. ಓದು ಬಾರದ ಪೂವಮ್ಮ ಪುಣ್ಯವಂತೆ.

ಮುಂದೆ ಎಷ್ಟೋ ವರ್ಷ, ಆವೆ ತೆಗೆದ ದಿನವೆಲ್ಲ ರಾಯರು ಅವಳ ಜಗಲಿಯಲ್ಲಿ ಮೂಗಿಗೆ ಶಾಲು ಒತ್ತಿಕೊಂಡು ಕೂತಿರುತ್ತಿದ್ದರು. ಅಡಿಕೋಲು ಆಗಲೂ ಜೇಬಿನಲ್ಲಿತ್ತು. ಒಳಗಿನಿಂದ ಪೂವಮ್ಮ ಕೂಗುವಳು: “ಇನ್ನೂ ಕುದಿ ಬರಲಿಲ್ಲ ರಾಯರೇ, ಕೂತುಕೊಳ್ಳಿ!”