ಬ್ಲೀಚಿಂಗ್‌ಗೆ ಸಾಯದ್ದು

ನಮ್ಮ ಭಾವನವರ ಬೆರಳ ತುದಿಗಳು ಸದಾ ನೀರಲ್ಲಿ ನೆನೆದಂತೆ ಸುಕ್ಕುಗಟ್ಟಿ ಬೆಳ್ಳಗಿರುತ್ತಿದ್ದವು. ದೂರದ ಅಣು ಕಾರ್ಖಾನೆಯೊಂದರಲ್ಲಿ ಕೆಲಸದವರ ಬಟ್ಟೆ ಒಗೆಯುತ್ತಿದ್ದವರು, ರಿಟೈರ್ ಆಗಿ ಅಕ್ಕನ ಜೊತೆ ಮೇಲೂರಿಗೆ ಬಂದು ಹಿಪ್ಪುನೇರಳೆ ಹಾಕಿದರು. ಇಲ್ಲೂ ಮೊಣಕೈವರೆಗೆ ಸೋಪು ಹಚ್ಚದೆ ಊಟಕ್ಕೆ ಕೂರುತ್ತಿರಲಿಲ್ಲ.

ಪ್ಲುಟೋನಿಯಂ ಎಂಬ ಹೆಸರನ್ನು ನಾನು ಕೇಳಿದ್ದು ಅವರ ಬಾಯಲ್ಲೇ. ಮೂರನೇ ಕ್ಲಾಸಿಗೆ ಓದು ನಿಂತ ನನಗೂ ತಿಳಿಯುವಂತೆ ಹೇಳಿದ್ದರು: ಅದು ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಮಣ್ಣಿಗೆ ಅಂಟಿ ಕೂರುತ್ತದೆ, ಬೇರು ಅದನ್ನು ಎಳೆದುಕೊಳ್ಳುವುದು ತೀರಾ ಕಡಿಮೆ, ಧೂಳಾಗಿ ಎದ್ದು ಎದೆಯೊಳಗೆ ಹೋದರೆ ದೊಡ್ಡ ಕೇಡು. "ನನ್ನ ಕಳಿಸೋ ಮುಂಚೆ ಪರೀಕ್ಷೆ ಮಾಡಿದ್ರು ಕಣಮ್ಮ, ಏನೂ ಇಲ್ಲ" ಎಂದಿದ್ದರು.

ಎಷ್ಟೋ ವರ್ಷ ಕಾದ ಮೇಲೆ ನನ್ನ ಮಗಳಿಗೆ ಹೆಣ್ಣು ಹುಟ್ಟಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಲಿನ ವ್ಯಾನಿನವನನ್ನೂ ತಡೆದು ಸಿಹಿ ಕೊಟ್ಟೆ. ಈಗಲೂ ಮೊಮ್ಮಗಳ ಮಾತು ಬಂದರೆ ನನಗೆ ನಿಲ್ಲಿಸಲು ಬಾರದು. ನಾಮಕರಣದ ದಿನ ಭಾವ ಮಗು ನೋಡಲು ಬಂದರು. ರೋಗ ಒಳಗೆ ಬಾರದಿರಲೆಂದು ನಾವು ರೇಷ್ಮೆ ಹುಳು ಸಾಕುವ ಮನೆಯ ಬಾಗಿಲಲ್ಲಿ ಕಾಲು ಅದ್ದಲು ತಟ್ಟೆಯಲ್ಲಿ ಬ್ಲೀಚಿಂಗ್ ನೀರು ಇಡುತ್ತೇವೆ. ಮಗಳ ಅತ್ತೆ ಆ ತಟ್ಟೆಯನ್ನೇ ತಂದು ಅವರ ಮುಂದೆ ಇಟ್ಟರು.

"ಅಣು ಕಾರ್ಖಾನೇಲಿ ಇದ್ದವರು ನೀವು. ಕಾಲು ಅದ್ಕೊಂಡು ಬನ್ನಿ ಅಣ್ಣಾ."

ಭಾವ ನಕ್ಕರು. "ಅದೇನು ಹುಳಿನ ರೋಗಾನೇನಮ್ಮ? ಬ್ಲೀಚಿಂಗ್‌ಗೆಲ್ಲ ಸಾಯೋದಲ್ಲ ಅದು. ಸಾವಿರಾರು ವರ್ಷ ಇರುತ್ತೆ."

ನಾನೇ ಮಗುವನ್ನು ತಂದು ಅವರ ತೊಡೆಯ ಮೇಲೆ ಮಲಗಿಸಿದೆ. ಮಗು ಪಂಚೆ ಒದ್ದೆ ಮಾಡಿತು. "ನೋಡಮ್ಮ, ನನ್ನ ಮೈಗೆ ಅಂಟಿರೋದು ಇದೊಂದೇ" ಎಂದರು.

ಊರಿಗೆ ಮುಟ್ಟಿದ್ದು ಈ ಮಾತಲ್ಲ, ಮೊದಲಿನದು. "ಸಾಯಲ್ಲ ಅಂತ ಅವನೇ ಹೇಳಿದ್ನಂತಲ್ಲ." ಅವರ ತೋಟದ ಸೊಪ್ಪನ್ನು ಆಮೇಲೆ ಯಾರೂ ಕೊಳ್ಳಲಿಲ್ಲ. ಎಲೆ ಗಿಡದಲ್ಲೇ ಹಣ್ಣಾಗಿ ಉದುರಿತು. ತಮಾಷೆಗೆ ಅಂದೆ ಎಂದು ಭಾವ ಮನೆಮನೆಗೆ ಹೋಗಿ ಬಿಡಿಸಿ ಹೇಳಿದರು. ಕೇಳಿದವರು ತಲೆಯಾಡಿಸಿದರು, ಅವರು ಎದ್ದು ಹೋದ ಮೇಲೆ ಕೂತಿದ್ದ ಜಗಲಿ ತೊಳೆದರು.

ಹೋದ ವರ್ಷ ಭಾವ ಎದೆನೋವು ಬಂದು ತೀರಿಕೊಂಡರು. ಹೆಣ ಅಂಗಳದಲ್ಲಿರುವಾಗಲೇ ಗಂಡಸರು ವಾದಕ್ಕೆ ನಿಂತರು. ಸುಟ್ಟರೆ ಹೊಗೆ ಸೊಪ್ಪಿನ ಮೇಲೆ ಬೀಳುತ್ತದಂತೆ, ಹೂತರೆ ಬೋರ್‌ವೆಲ್ಲಿಗೆ ಇಳಿಯುತ್ತದಂತೆ.

ಅಕ್ಕ ಎದ್ದು ಬಂದಳು. "ಹಂಗಾದ್ರೆ ಎಲ್ಲಿಡ್ಲಿ ಹೇಳ್ರಪ್ಪ? ನನ್ನ ತಲೆ ಮೇಲೆ ಇಟ್ಕೊಳ್ಳಲಾ?"

ಕೊನೆಗೆ ಭಾವನವರ ತೋಟದಲ್ಲೇ ಗುಂಡಿ ತೆಗೆದರು. ಬಂದವರು ಮೂಗಿಗೆ ಟವಲ್ ಕಟ್ಟಿಕೊಂಡು ದೂರದಿಂದಲೇ ಮಣ್ಣು ಎಸೆದರು. ಆಗಷ್ಟೇ ನಡೆಯಲು ಕಲಿತಿದ್ದ ಮೊಮ್ಮಗಳು ನನ್ನ ಸೊಂಟದಿಂದ ಜಾರಿ ಇಳಿದು, ಎರಡೂ ಮುಷ್ಟಿ ಮಣ್ಣು ತುಂಬಿಕೊಂಡು ಗುಂಡಿಯ ಅಂಚಿಗೆ ಹೋದಳು.

"ಬಿಸಾಕೇ ಅದನ್ನ" ಎಂದು ಮಗಳ ಅತ್ತೆ ಆಚೆಯಿಂದ ಕೂಗಿದರು.

ಅವಳು ಬಿಸಾಕಲಿಲ್ಲ. ನಾನು ಹಿಂದಿನಿಂದ ಲಂಗ ಹಿಡಿದುಕೊಂಡೆ. ಅವಳು ಬಗ್ಗಿ ಮಣ್ಣನ್ನು ಮೆಲ್ಲಗೆ ಹಾಕಿ ಬಂದು, ಕೈಯನ್ನು ನನ್ನ ಸೀರೆಗೆ ಒರೆಸಿದಳು. ನಾನು ಕೊಡವಲಿಲ್ಲ.