ನೆಲಸಂಪಿಗೆಯ ಬೇಸಿಗೆ ನಿದ್ದೆ

ಮಧ್ಯಾಹ್ನದ ಹೊತ್ತು ಯಾರಾದರೂ ನೆಮ್ಮದಿಯಾಗಿ ಮಲಗಿರುವುದನ್ನು ಕಂಡರೆ, ಅವರನ್ನು ಎಬ್ಬಿಸಿ ಕಾಫಿ ಕುಡಿಸುವತನಕ ನನಗೆ ಸಮಾಧಾನವಿರುವುದಿಲ್ಲ. ಹೊಂಗಡಹಳ್ಳದ ಕಡೆ ಬಂದರೆ ನೀವೂ ಎಚ್ಚರಿಕೆಯಿಂದಿರಿ. ನನ್ನ ಉಪಚಾರದ ಉಪದ್ರವದಿಂದ ನಮ್ಮ ಅಂಗಳದ ನೆಲಸಂಪಿಗೆಯೂ ಪಾರಾಗಲಿಲ್ಲ.

ನೆಲಸಂಪಿಗೆಯೆಂದರೆ ಅರಿಶಿನದ ದಾಯಾದಿ. ಮಳೆಗಾಲವೆಲ್ಲ ಎಲೆ ಬಿಟ್ಟು, ಚಳಿಗೆ ಅದನ್ನು ಕಳಚಿ, ಬೇಸಿಗೆಯಲ್ಲಿ ಗೆಡ್ಡೆಯಾಗಿ ಮಣ್ಣೊಳಗೆ ಸುಖನಿದ್ರೆ ಮಾಡಿ, ಕೊನೆಗೊಂದು ದಿನ ಎಲೆಯ ಹಂಗಿಲ್ಲದೆ ಬರಿನೆಲದಿಂದಲೇ ನಸುನೇರಳೆ ಹೂ ಚಿಮ್ಮಿಸುವ ವಿಚಿತ್ರ ಶಿಸ್ತಿನ ಸಸ್ಯ. ಕಾಫಿಯವರಾದ ನಮಗೋ, ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ತಿರುಗಿಸಿದರೆ ಹೂವು ಬರಲೇಬೇಕೆಂಬ ಅಚಲ ಶ್ರದ್ಧೆ. ತೋಟಕ್ಕೆ ನೀರು ಹಾರಿಸುವಾಗ ಪಾಪ, ಇದೂ ಅರಳಲೆಂದು ಅಂಗಳದ ಪಾತಿಗೂ ಒಂದು ಪೈಪು ಎಳೆದೆ. ಕಾಫಿ ಘಮ್ಮೆಂದು ಅರಳಿತು. ಗೆಡ್ಡೆ ಮಲಗಿದಲ್ಲೇ ಕೊಳೆಯಿತು.

ಅದು ನಮ್ಮತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ನೆಟ್ಟದ್ದು. ಈಗ ಅವರ ಕಣ್ಣು ಮಂಜಾಗಿದೆ. ಜಗಲಿಯಲ್ಲಿ ಕೂತು ದಿನಾ ಒಂದೇ ಪ್ರಶ್ನೆ: "ನೆಲಸಂಪ್ಗೆ ಬಂತೇನೇ?"

"ಇನ್ನೇನು ಬರ್ತದೆ ಅತ್ತೆ," ಎನ್ನುತ್ತಿದ್ದೆ. ನಿಮ್ಮ ಗಿಡವನ್ನು ಕೊಂದೆ ಎನ್ನಲು ಬಾಯೇ ಬರಲೊಲ್ಲದು. ನಾಚಿಕೆಯಾಗಿ, ಪಾತಿಯ ಪಕ್ಕ ಹೋಗುವುದನ್ನೇ ಬಿಟ್ಟಿದ್ದೆ.

ಕೊನೆಗೆ ಗುಟ್ಟಾಗಿ ನಾದಿನಿ ಸುಮಳಿಗೆ ಫೋನು ಮಾಡಿದೆ. ಅವಳನ್ನು ಕೊಟ್ಟದ್ದು ಅರಸೀಕೆರೆಯ ಕಡೆಗೆ. ಹಿಂದೆ ಅವಳು ಇಲ್ಲಿಂದ ಒಂದಿಷ್ಟು ಗೆಡ್ಡೆ ಒಯ್ಯುವಾಗ, ನಿಮ್ಮೂರ ಬಿಸಿಲಿಗೆ ಇದು ಹಪ್ಪಳವಾಗುತ್ತದೆಂದು ನಕ್ಕವಳು ನಾನೇ. ಅವಳೋ ಕುಂಡಗಳನ್ನು ತೆಂಗಿನ ನೆರಳಿಗಿಟ್ಟು, ಮಣ್ಣಿಗೆ ತರಗೆಲೆ ಹೊದಿಸಿ, ಎಲೆ ಒಣಗಿದ ಮೇಲೆ ಅತ್ತ ತಿರುಗಿಯೂ ನೋಡದೆ ಒಂದಕ್ಕೆ ಹತ್ತು ಮಾಡಿದ್ದಳು. ಹೂಬಿಟ್ಟ ಕುಂಡವೊಂದನ್ನು ಹೊತ್ತು ಹಿತ್ತಿಲ ಬಾಗಿಲಿಂದ ಬಂದಳು. ಇಬ್ಬರೂ ಕಳ್ಳಿಯರ ಹಾಗೆ ಸದ್ದಿಲ್ಲದೆ ಅದನ್ನು ಹಳೆಯ ಪಾತಿಯಲ್ಲಿ ಹೂತೆವು.

ನಾನು ಕಿತ್ತು ತಂದ ಹೂವನ್ನು ಅತ್ತೆ ಮೂಗಿಗೆ ಹಿಡಿದು ಕಣ್ಮುಚ್ಚಿದರು. "ನನ್ನ ಸೊಸೆ ಕೈಗುಣ ನೋಡು! ನೀನು ತಗಂಡೋಗಿದ್ದು ಏನಾದ್ವೇ ಸುಮಾ?"

ಸುಮ ನನ್ನ ಮುಖ ನೋಡಿದಳು. "ಸತ್ತೋದ್ವು ಕಣವ್ವ. ನಮ್ಮೂರ್ ಬಿಸ್ಲು ನಿಂಗೊತ್ತಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಮಾನ ಉಳಿಸಲು ಅವಳು ತನ್ನ ಜೀವಂತ ಗಿಡಗಳನ್ನೆಲ್ಲ ಒಂದೇ ಮಾತಿಗೆ ಸಾಯಿಸಿಬಿಟ್ಟಿದ್ದಳು.

"ಅವ್ಳಿಗೊಂದು ಗೆಡ್ಡೆ ಕೊಡೇ," ಎಂದರು ಅತ್ತೆ ನನಗೆ. "ಹೆಂಗೆ ಸಾಕ್ಬೇಕು ಅಂತ್ಲೂ ಹೇಳ್ಕೊಡು."

ಗೆಡ್ಡೆಯನ್ನು ಕೈಗೆ ಕೊಡಬಾರದು, ಸೆರಗಿಗೆ ಹಾಕಬೇಕೆಂಬುದು ಅತ್ತೆಯ ಕಟ್ಟಳೆ. ಸುಮ ತನ್ನದೇ ಗೆಡ್ಡೆಗೆ ತಾನೇ ಸೆರಗೊಡ್ಡಿ ನಿಂತಳು. ನಾನು ಪಾತಿಯಿಂದ ಕಿತ್ತ ಗೆಡ್ಡೆಯನ್ನು ಅದರೊಳಗೆ ಹಾಕಿ, ಗಂಟಲು ಸರಿಮಾಡಿಕೊಂಡು ಉಪದೇಶ ಶುರುಮಾಡಿದೆ: ನೆರಳು, ತರಗೆಲೆ, ಹದವಾದ ಮಣ್ಣು. ಅವಳು ವಿಧೇಯಳಾಗಿ ತಲೆಯಾಡಿಸುತ್ತ ಕೇಳಿದಳು, "ಬೇಸ್ಗೇಲಿ ನೀರು ಹಾಕ್ಬೇಕಾ ಅತ್ಗೆ?"

ಕುಹಕವಿದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಇರಲಿಲ್ಲ.

"ಹಾಕ್ಬಾರ್ದು ಕಣೇ," ಎಂದವಳು ಅಲ್ಲಿಗೇ ನಿಲ್ಲಲಾಗದೆ ಅತ್ತೆಯ ಕಡೆ ತಿರುಗಿದೆ. "ಹಾಕಿ ಕೊಳೆಸ್ಬುಟ್ಟೆ ಅತ್ತೆ. ನಿಮ್ಮ ಗಿಡ ಹೋಯ್ತು. ಈ ಹೂವು ಸುಮಂದು."

ಅತ್ತೆ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೂವನ್ನು ಇನ್ನೊಮ್ಮೆ ಮೂಸಿ, "ಹಂಗಾರೆ ಕೊಡೋಳು ನೀನಲ್ಲ, ಇಸ್ಕಳೋಳು. ಒಡ್ಡು ಸೆರಗ," ಎಂದರು.

ನಾನಿದ್ದುದು ನೈಟಿಯಲ್ಲಿ. ಹೆಗಲ ಮೇಲಿನ ಟವೆಲ್ಲನ್ನೇ ಎರಡೂ ಕೈಯಲ್ಲಿ ಹರಡಿ, ತಲೆ ತಗ್ಗಿಸಿ ನಾದಿನಿಯ ಮುಂದೆ ನಿಂತೆ. ಸುಮ ಮಣ್ಣು ಮೆತ್ತಿದ ಗೆಡ್ಡೆಯನ್ನು ಅದರೊಳಗೆ ಹಾಕಿ, "ಅತ್ಗೆ, ಬೇಸ್ಗೇಲಿ..." ಎಂದು ಬಾಯಿ ತೆರೆದಳು.

"ಹಾಕಲ್ಲ ಮಾರಾಯ್ತಿ," ಅಂದೆ, "ಹಾಕಲ್ಲ."